ಒಂದು ಪೇಟೆ, ಹಲವು ನಕಾಶೆ: ಫರಂಗಿಪೇಟೆಯಿಂದ ಕಂಡ ರಾಜ್ಯ ಸರಕಾರ

ಮಂಗಳೂರಿನಿಂದ ಬಿ.ಸಿ.ರೋಡಿನತ್ತ ಹೊರಟ ಬಸ್ಸು ಅಡ್ಯಾರು ದಾಟಿ ಫರಂಗಿಪೇಟೆ ತಲುಪುವಷ್ಟರಲ್ಲಿ ಒಳಗೆ ಕೂತವರಿಗೆ ತಿಳಿಯದ ಹಾಗೆ ಹಲವು ಗಡಿಗಳನ್ನು ದಾಟಿರುತ್ತದೆ. ಮಂಗಳೂರು ತಾಲೂಕು ಮುಗಿದು ಬಂಟ್ವಾಳ ತಾಲೂಕು ಶುರುವಾಗಿರುತ್ತದೆ. 2010ರಲ್ಲಿ ಹುಟ್ಟಿದ ಮಂಗಳೂರು ನಗರ ಪೊಲೀಸ್ ಕಮಿಷನರೇಟಿನ ವ್ಯಾಪ್ತಿ ಹಿಂದೆ ಉಳಿದು, ದಕ್ಷಿಣ ಕನ್ನಡ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯ ವ್ಯಾಪ್ತಿ ಎದುರಾಗಿರುತ್ತದೆ. ನೋಂದಣಿ ಸಂಖ್ಯೆ ಕೊಡುವ ಸಾರಿಗೆ ಕಚೇರಿ ಬದಲಾಗಿರುತ್ತದೆ: ಅತ್ತ ಕೆಎ 19, ಇತ್ತ ಕೆಎ 70. ಆದರೆ ವಿಧಾನಸಭಾ ಕ್ಷೇತ್ರದ ಲೆಕ್ಕ ಬೇರೆ. ಫರಂಗಿಪೇಟೆ ಸೇರಿರುವ ಪುದು ಗ್ರಾಮದವರು ಕಂದಾಯದ ಕೆಲಸಕ್ಕೆ ಬಂಟ್ವಾಳದ ತಹಶೀಲ್ದಾರರ ಬಳಿಗೆ ಹೋದರೂ ಮತ ಹಾಕುವುದು ಮಂಗಳೂರು ಕ್ಷೇತ್ರಕ್ಕೆ. ಆ ಕ್ಷೇತ್ರದ ಬಹುಭಾಗ ನೇತ್ರಾವತಿಯ ಆಚೆ, ಉಳ್ಳಾಲದ ಕಡೆ ಇದೆ. ಅಲ್ಲಿನ ಶಾಸಕ ಯು.ಟಿ.ಖಾದರ್ 2023ರ ಮೇ ತಿಂಗಳಿಂದ ವಿಧಾನಸಭೆಯ ಸ್ಪೀಕರ್.

ರಾಜ್ಯ ಸರಕಾರವೆಂದರೆ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂಬ ಪಾಠ ಹೈಸ್ಕೂಲಿನಲ್ಲೇ ಆಗಿರುತ್ತದೆ. 224 ಶಾಸಕರ ವಿಧಾನಸಭೆ, 75 ಸದಸ್ಯರ ವಿಧಾನ ಪರಿಷತ್ತು, ರಾಜ್ಯಪಾಲರು, ಮುಖ್ಯಮಂತ್ರಿಯೂ ಸೇರಿ 34 ಮೀರದ ಮಂತ್ರಿಮಂಡಲ, ಬೆಂಗಳೂರಿನಲ್ಲಿ ಹೈಕೋರ್ಟ್, ಧಾರವಾಡ ಮತ್ತು ಕಲಬುರಗಿಯಲ್ಲಿ ಅದರ ಪೀಠಗಳು. ಇದೆಲ್ಲ ನಿಜ. ಆದರೆ ಪುದುವಿನಲ್ಲಿ ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಲು ಹೊರಟವರಿಗೆ ಎದುರಾಗುವ ಸರಕಾರ ಈ ಮೂರು ಅಂಗಗಳ ಚಿತ್ರದಲ್ಲಿ ಕಾಣಿಸುವುದಿಲ್ಲ. ಅವರ ಪಾಲಿಗೆ ಸರಕಾರವೆಂದರೆ ಬೆಂಗಳೂರಿನಿಂದ ನೇರವಾಗಿ ಕೆಳಗಿಳಿಯುವ ಹಲವು ಇಲಾಖೆಗಳು. ಪ್ರತಿಯೊಂದಕ್ಕೂ ತನ್ನದೇ ಅಧಿಕಾರಿ ವರ್ಗ, ತನ್ನದೇ ನಕಾಶೆ, ತನ್ನದೇ ಕಂಪ್ಯೂಟರ್ ತಂತ್ರಾಂಶ. ಇವೆಲ್ಲ ತಾಲೂಕು, ಜಿಲ್ಲೆಯ ಮಟ್ಟದಲ್ಲಿ ಒಂದನ್ನೊಂದು ಸಂಧಿಸಿ ಮಾತಾಡಬೇಕಾದ ಜಾಗ ದುರ್ಬಲವಾಗಿದೆ. ಕರ್ನಾಟಕದ ಆಡಳಿತದ ರಚನೆಯ ಬಗ್ಗೆ ಚರ್ಚೆ ನಡೆಯಬೇಕಾದದ್ದು ಇಲ್ಲಿಂದಲೇ.

ಈ ಭಾಗದವರಿಗೆ ದೂರದ ರಾಜಧಾನಿ ಹೊಸದಲ್ಲ. ಕೆಳದಿಯ ನಾಯಕರ ಆಳ್ವಿಕೆಯ ಬಳಿಕ ಹೈದರ್ ಮತ್ತು ಟಿಪ್ಪು ಶ್ರೀರಂಗಪಟ್ಟಣದಿಂದ ಆಳಿದರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಜಿಲ್ಲೆ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರ್. ಕಂದಾಯ ವಸೂಲಿ ಮತ್ತು ಮ್ಯಾಜಿಸ್ಟ್ರೇಟ್ ಅಧಿಕಾರ ಒಬ್ಬ ಅಧಿಕಾರಿಯಲ್ಲೇ ಕೂಡುವ ಪದ್ಧತಿ ಕಂಪನಿಯ ಕಾಲದಲ್ಲೇ ಬೇರೂರಿತು. ದಕ್ಷಿಣ ಕೆನರಾ 1956ರ ನವೆಂಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಆ ದಿನ ಕಾಸರಗೋಡು ತಾಲೂಕು ಕೇರಳಕ್ಕೂ ಉಳಿದ ಬಹುಭಾಗ ಮೈಸೂರು ರಾಜ್ಯಕ್ಕೂ ಸೇರಿತು. ಮದ್ರಾಸಿನ ಗುರುತುಗಳು ಇಂದಿಗೂ ಪೂರ್ತಿ ಅಳಿದಿಲ್ಲ. ಹಳಬರು ಪಹಣಿಯನ್ನು ಈಗಲೂ ಅಡಂಗಲ್ ಎನ್ನುತ್ತಾರೆ. ವರ್ಗ (ಪಟ್ಟಾ) ಜಾಗಕ್ಕೆ ಹೊಂದಿಕೊಂಡ ಸರಕಾರಿ ಜಾಗವಾದ ಕುಮ್ಕಿಯ ಮೇಲಿನ ಹಕ್ಕು ಬಯಲುಸೀಮೆಯಿಂದ ವರ್ಗವಾಗಿ ಬಂದ ಕಂದಾಯ ಅಧಿಕಾರಿಗಳಿಗೆ ಹೊಸ ಪಾಠವೇ. ರಾಜಧಾನಿ ಮದ್ರಾಸಿನಿಂದ ಬೆಂಗಳೂರಿಗೆ ಬಂತು, ಕಲೆಕ್ಟರ್ ಹೋಗಿ ಜಿಲ್ಲಾಧಿಕಾರಿ ಬಂದರು, ಆದರೆ ಜಿಲ್ಲೆಯ ಅಧಿಕಾರ ಒಂದೇ ಮೇಜಿನ ಮುಂದೆ ಸೇರುವ ಏರ್ಪಾಡು ಉಳಿಯಿತು.

ಬೆಂಗಳೂರಿನ ಮಟ್ಟದಲ್ಲಿ ಕೆಲಸ ಹಂಚಿಕೆಯಾಗುವುದು 1977ರ ಎರಡು ನಿಯಮಾವಳಿಗಳ ಪ್ರಕಾರ. ಯಾವ ವಿಷಯ ಯಾವ ಇಲಾಖೆಗೆ ಸೇರಿದ್ದೆಂದು ಒಂದು ಹೇಳುತ್ತದೆ. ಯಾವ ಕಡತ ಮಂತ್ರಿಯ ಮಟ್ಟದಲ್ಲಿ ಮುಗಿಯಬೇಕು, ಯಾವುದು ಸಂಪುಟಕ್ಕೆ ಹೋಗಬೇಕೆಂದು ಇನ್ನೊಂದು. ಮಂತ್ರಿಯ ಕೆಳಗೆ ಕಾರ್ಯದರ್ಶಿ. ಕಾರ್ಯದರ್ಶಿಯ ಕಚೇರಿ ನೀತಿ ರೂಪಿಸುತ್ತದೆ, ಆದೇಶ ಹೊರಡಿಸುತ್ತದೆ. ಅದನ್ನು ಜಾರಿಗೊಳಿಸುವುದು ಆಯುಕ್ತರ ಅಥವಾ ನಿರ್ದೇಶಕರ ಕಚೇರಿ, ಅದರ ಕೆಳಗಿನ ಜಿಲ್ಲಾ ಕಚೇರಿ, ತಾಲೂಕು ಕಚೇರಿ. ಶಾಲೆಯ ವಿಷಯವಾದರೆ ಆಯುಕ್ತರಿಂದ ಮಂಗಳೂರಿನ ಉಪನಿರ್ದೇಶಕರು (ಡಿಡಿಪಿಐ), ಅಲ್ಲಿಂದ ಬಂಟ್ವಾಳದ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ). ಜಮೀನಿನ ವಿಷಯವಾದರೆ ಕಂದಾಯ ಇಲಾಖೆಯಿಂದ ಜಿಲ್ಲಾಧಿಕಾರಿ, ಸಹಾಯಕ ಆಯುಕ್ತ, ತಹಶೀಲ್ದಾರ್, ನಾಡಕಚೇರಿ, ಕೊನೆಗೆ ಗ್ರಾಮ ಆಡಳಿತ ಅಧಿಕಾರಿ. ಈ ಎರಡು ಸಾಲುಗಳೂ ಒಂದೇ ಊರಿಗೆ ಇಳಿಯುತ್ತವೆ. ದಾರಿಯಲ್ಲಿ ಎಲ್ಲೂ ಒಂದನ್ನೊಂದು ಮುಟ್ಟುವುದಿಲ್ಲ.

ನಕಾಶೆಗಳ ಗೋಜಲು ಫರಂಗಿಪೇಟೆಯೊಂದರದ್ದಲ್ಲ. ಕಂದಾಯದ ಲೆಕ್ಕದಲ್ಲಿ ಬೆಳ್ತಂಗಡಿ ಪುತ್ತೂರಿನ ಸಹಾಯಕ ಆಯುಕ್ತರ ಉಪವಿಭಾಗಕ್ಕೆ ಸೇರಿದೆ, ಬಂಟ್ವಾಳ ಮಂಗಳೂರಿನ ಉಪವಿಭಾಗಕ್ಕೆ. ಪೊಲೀಸ್ ಲೆಕ್ಕದಲ್ಲಿ ಮಾತ್ರ ಬೆಳ್ತಂಗಡಿ ಬಹುಕಾಲ ಬಂಟ್ವಾಳ ಉಪವಿಭಾಗದಲ್ಲೇ ಇತ್ತು. ಮೂಡುಬಿದಿರೆಯ ಕಥೆ ಇನ್ನೂ ಸ್ವಾರಸ್ಯಕರ. ಶಿಕ್ಷಣ ಇಲಾಖೆಗೆ ಅದು ಎಷ್ಟೋ ವರ್ಷಗಳಿಂದ ಪ್ರತ್ಯೇಕ ವಲಯವಾಗಿತ್ತು; ಕಂದಾಯ ಇಲಾಖೆಗೆ ಮಾತ್ರ ಮಂಗಳೂರು ತಾಲೂಕಿನ ಒಂದು ಭಾಗ. ತಾಲೂಕು ಆಗಬೇಕೆಂಬ ಬೇಡಿಕೆ ದಶಕಗಳ ಕಾಲ ನಡೆಯಿತು. ವಾಸುದೇವ ರಾವ್, ಗದ್ದಿಗೌಡರ್, ಹುಂಡೇಕರ್, ಎಂ.ಬಿ.ಪ್ರಕಾಶ್ ಸಮಿತಿಗಳು ರಾಜ್ಯದ ತಾಲೂಕು ಪುನರ್ವಿಂಗಡಣೆಯ ಬಗ್ಗೆ ಒಂದಾದ ಮೇಲೊಂದು ವರದಿ ಕೊಟ್ಟವು. 2013ರ ಬಜೆಟ್ಟಿನಲ್ಲಿ 43 ಹೊಸ ತಾಲೂಕುಗಳ ಘೋಷಣೆಯಾಯಿತು. ಆದರೂ ಮೂಡುಬಿದಿರೆಯಲ್ಲಿ ತಾಲೂಕು ಕಚೇರಿ ನಿಜವಾಗಿ ಕಣ್ಣುಬಿಡಲು 2017ರ ಇನ್ನೊಂದು ಘೋಷಣೆಯೇ ಬೇಕಾಯಿತು. ಪೊಲೀಸ್ ಲೆಕ್ಕದಲ್ಲಿ ಆ ಊರು ಇಂದಿಗೂ ಮಂಗಳೂರು ನಗರ ಕಮಿಷನರೇಟಿನಲ್ಲಿದೆ. ಬಂಟ್ವಾಳ ತಾಲೂಕಂತೂ ಮೂರು ವಿಧಾನಸಭಾ ಕ್ಷೇತ್ರಗಳಿಗೆ ಹಂಚಿಹೋಗಿದೆ: ಬಂಟ್ವಾಳ, ಮಂಗಳೂರು, ಮತ್ತು ವಿಟ್ಲ ಕ್ಷೇತ್ರ ರದ್ದಾದ ಮೇಲೆ ಪುತ್ತೂರು.

ಗಡಿಗಳ ಈ ವ್ಯತ್ಯಾಸ ಕಾಗದದ ಮೇಲಷ್ಟೇ ಉಳಿಯುವುದಿಲ್ಲ. ಗಲಭೆಯ ಭಯವಿದ್ದಾಗ ಮಂಗಳೂರು ಕಡೆಗೆ ನಿಷೇಧಾಜ್ಞೆ ಹೊರಡಿಸುವವರು ಪೊಲೀಸ್ ಕಮಿಷನರ್, ಏಕೆಂದರೆ ಕಮಿಷನರೇಟಿನಲ್ಲಿ ಮ್ಯಾಜಿಸ್ಟ್ರೇಟ್ ಅಧಿಕಾರವೂ ಅವರದ್ದೇ. ಫರಂಗಿಪೇಟೆಗೆ ಅದೇ ಆಜ್ಞೆ ಜಿಲ್ಲಾಧಿಕಾರಿ ಅಥವಾ ಸಹಾಯಕ ಆಯುಕ್ತರ ಕಚೇರಿಯಿಂದ ಬರಬೇಕು. ಒಂದೇ ರಸ್ತೆಯ ಎರಡು ನಿಲ್ದಾಣಗಳಿಗೆ ಎರಡು ಕಚೇರಿಗಳಿಂದ ಎರಡು ಆದೇಶ. ಕೋಮು ಉದ್ವಿಗ್ನತೆಯನ್ನು ಪದೇ ಪದೇ ಕಂಡ ಈ ಪ್ರದೇಶದಲ್ಲಿ ಇದನ್ನು ಸಣ್ಣ ವಿಷಯವೆಂದು ಬಿಡುವಂತಿಲ್ಲ.

ಐದು ಸೆಂಟ್ಸ್ ಜಾಗದ ವಿಷಯಕ್ಕೆ ಬರೋಣ. ಕೃಷಿ ಜಮೀನಿನಲ್ಲಿ ಮನೆ ಕಟ್ಟಬೇಕಾದರೆ ಮೊದಲು ಭೂಮಾಪನ ಇಲಾಖೆಯ 11ಇ ನಕ್ಷೆ ಬೇಕು. ಆಮೇಲೆ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಕನ್ವರ್ಷನ್. ಅದು ಜಿಲ್ಲಾಧಿಕಾರಿಯ ಅಧಿಕಾರ. ನಿವೇಶನದ ವಿನ್ಯಾಸಕ್ಕೆ ಅನುಮೋದನೆ ನಗರ ಮತ್ತು ಗ್ರಾಮಾಂತರ ಯೋಜನೆಯ ವ್ಯವಸ್ಥೆಯಿಂದ ಆಗಬೇಕು. ಅದು ನಗರಾಭಿವೃದ್ಧಿ ಇಲಾಖೆಯ ಕಡೆಯದ್ದು. ಅದಾದ ಮೇಲೆ ಗ್ರಾಮ ಪಂಚಾಯತ್ ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ 9 ಮತ್ತು 11 ಕೊಡುತ್ತದೆ. ಜಿಲ್ಲೆಯಲ್ಲಿ ಎಲ್ಲರ ಬಾಯಲ್ಲೂ ಇದು ‘ನೈನ್ ಇಲೆವೆನ್’. ಆ ಕಾಗದ ಕೈಗೆ ಬಂದರಷ್ಟೇ ನೋಂದಣಿ, ಬ್ಯಾಂಕ್ ಸಾಲ, ಕಟ್ಟಡ ಪರವಾನಿಗೆ. ನೋಂದಣಿ ಕಚೇರಿಯದ್ದು ಕಾವೇರಿ ತಂತ್ರಾಂಶ, ಪಹಣಿಯದ್ದು ಭೂಮಿ ತಂತ್ರಾಂಶ. ಮನೆ ಎದ್ದ ಮೇಲೆ ಕರೆಂಟಿಗೆ ಮೆಸ್ಕಾಂ. ಭೂಮಿ ಮತ್ತು ಇ-ಸ್ವತ್ತು ಎರಡೂ ದೇಶದಲ್ಲಿ ಹೆಸರು ಮಾಡಿದ ಯೋಜನೆಗಳು. ಲಂಚಕ್ಕೆ ಕೈಚಾಚುತ್ತಿದ್ದ ಎಷ್ಟೋ ಜಾಗಗಳನ್ನು ಭೂಮಿ ಮುಚ್ಚಿದ್ದು ಸತ್ಯ. ಆದರೆ ಪ್ರತಿ ಇಲಾಖೆ ತನ್ನ ಕೆಲಸವನ್ನು ಮಾತ್ರ ಕಂಪ್ಯೂಟರಿಗೆ ಏರಿಸಿತು. ಒಂದು ಕಚೇರಿಯ ಕಾಗದವನ್ನು ಇನ್ನೊಂದು ಕಚೇರಿಗೆ ಮುಟ್ಟಿಸುವ ಹೊಣೆ ಬಹುಪಾಲು ಮನೆ ಕಟ್ಟುವವರ ಮೇಲೇ ಉಳಿಯಿತು. ಏಕ ನಿವೇಶನದ ಅನುಮೋದನೆಯನ್ನು ಪಂಚಾಯತ್‌ನಿಂದ ತೆಗೆದು ಯೋಜನಾ ಪ್ರಾಧಿಕಾರಕ್ಕೆ ಕೊಟ್ಟಾಗ ಕರಾವಳಿಯ ಪಂಚಾಯತ್‌ಗಳು ದನಿ ಎತ್ತಿದ್ದು ಈ ಕಾರಣಕ್ಕೆ. ನಗರ ಬೆಳೆಯುವ ರೀತಿಗೆ ಯೋಜನೆ ಬೇಕು ಎಂಬ ವಾದ ತಪ್ಪಲ್ಲ. ಹೆದ್ದಾರಿಯುದ್ದಕ್ಕೂ ಮನಸ್ಸಿಗೆ ಬಂದಂತೆ ಕಟ್ಟಡ ಎದ್ದರೆ ಚರಂಡಿಗೂ ಜಾಗ ಇರುವುದಿಲ್ಲ. ಆದರೆ ಮೂರು ಸೆಂಟ್ಸಿನ ಬಡವರ ಮನೆಗೂ ಬಡಾವಣೆ ಕಟ್ಟುವ ಬಿಲ್ಡರಿಗೂ ಒಂದೇ ಸಾಲಿನಲ್ಲಿ ನಿಲ್ಲಿ ಎನ್ನುವುದು ನ್ಯಾಯವಲ್ಲ.

ಇಲಾಖೆಗಳ ಪಕ್ಕದಲ್ಲಿ ಇನ್ನೊಂದು ಬಳಗವಿದೆ: ನಿಗಮ, ಮಂಡಳಿ, ಪ್ರಾಧಿಕಾರ, ಆಯೋಗ. ಹಿಂದಿನ ವಿದ್ಯುಚ್ಛಕ್ತಿ ಮಂಡಳಿ 1999ರಲ್ಲಿ ಕೆಪಿಟಿಸಿಎಲ್ ಆಯಿತು. 2002ರಲ್ಲಿ ವಿತರಣೆ ಬೇರೆಯಾಗಿ ಮೆಸ್ಕಾಂ ಹುಟ್ಟಿತು. ಮಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ಈ ಕಂಪನಿ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳಿಗೆ ಕರೆಂಟು ಕೊಡುತ್ತದೆ. ಮೀನುಗಾರಿಕೆ ಅಭಿವೃದ್ಧಿ ನಿಗಮ, ಗೇರು ಅಭಿವೃದ್ಧಿ ನಿಗಮ, ತುಳು, ಕೊಂಕಣಿ, ಬ್ಯಾರಿ ಸಾಹಿತ್ಯ ಅಕಾಡೆಮಿಗಳೂ ಮಂಗಳೂರಿನಲ್ಲಿವೆ. ಸರಕಾರದ ಎಲ್ಲ ಸಂಸ್ಥೆಗಳೂ ಬೆಂಗಳೂರಿನಲ್ಲೇ ಇರಬೇಕಿಲ್ಲ ಎಂಬುದಕ್ಕೆ ಇವೇ ಸಾಕ್ಷಿ. ಈ ಮೂರೂ ಭಾಷೆಗಳು ದಿನವಿಡೀ ಕೇಳುವ ಫರಂಗಿಪೇಟೆಯಂಥ ಊರಿಗೆ ಅಕಾಡೆಮಿಗಳು ಹತ್ತಿರದಲ್ಲಿರುವುದು ಉಚಿತವೂ ಹೌದು.

ಒಂದು ತೀರ್ಮಾನ ಈ ಸಂಸ್ಥೆಗಳ ನಡುವೆ ಹೇಗೆ ಸಾಗುತ್ತದೆ ಎಂಬುದಕ್ಕೆ ಗೃಹಜ್ಯೋತಿ ಒಳ್ಳೆಯ ಉದಾಹರಣೆ. 200 ಯೂನಿಟ್‌ವರೆಗಿನ ಉಚಿತ ವಿದ್ಯುತ್ತಿನ ತೀರ್ಮಾನ ಸಂಪುಟದ್ದು. ದರ ನಿಗದಿ ಮಾಡುವುದು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಅದು ಮಂತ್ರಿಯ ಮಾತು ಕೇಳಬೇಕಾದ ಕಚೇರಿಯಲ್ಲ. ಸಬ್ಸಿಡಿಯ ಹಣ ವಿಧಾನಮಂಡಲ ಒಪ್ಪಿದ ಬಜೆಟ್ಟಿನಿಂದ ಬರಬೇಕು. ಮನೆಗೆ ಬಂದು ಬಿಲ್ ಹರಿದು ಕೊಡುವುದು ಮೆಸ್ಕಾಂ ಮೀಟರ್ ರೀಡರ್. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯದ್ದು ಬೇರೆ ಬಗೆಯ ಪಾಠ. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಎಂದು ರಾಜ್ಯಕ್ಕೆಲ್ಲ ಒಂದೇ ಆದೇಶ ಹೊರಟಿತು. ಆದರೆ ದಕ್ಷಿಣ ಕನ್ನಡದ ಸ್ಥಳೀಯ ಸಾರಿಗೆ ಬಹುಪಾಲು ಖಾಸಗಿ ಬಸ್ಸುಗಳದ್ದು. ಅವುಗಳಿಗೆ ಪರ್ಮಿಟ್ ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಕೆಎಸ್ಸಾರ್ಟಿಸಿಯ ಬಸ್ಸುಗಳನ್ನು ಹಂಚುವುದು ಆ ನಿಗಮವೇ. ಕಟ್ಟಿದ ಬೀಡಿ ಕೊಡುವ ಬ್ರಾಂಚಿಗೆ, ಕಾಲೇಜಿಗೆ, ಆಸ್ಪತ್ರೆಗೆ ಹೋಗುವ ಇಲ್ಲಿನ ಹೆಂಗಸರಿಗೆ ಆ ಸೌಲಭ್ಯ ಮೈಸೂರು, ಮಂಡ್ಯದ ಕಡೆಯಷ್ಟು ಸಿಗಲಿಲ್ಲ. ಆದೇಶದಲ್ಲಿ ದೋಷವಿರಲಿಲ್ಲ. ಜಿಲ್ಲೆಯ ಸ್ಥಿತಿಯನ್ನು ಆದೇಶ ಬರೆಯುವವರ ಮುಂದೆ ಅಧಿಕಾರದಿಂದ ಇಡುವ ಜಿಲ್ಲಾ ಸಭೆ ಇರಲಿಲ್ಲ.

ಹಲವು ಕಚೇರಿಗಳು ಒಂದೇ ವಿಷಯದ ಸುತ್ತ ನಿಂತಾಗ ಏನಾಗುತ್ತದೆಂದು ನೋಡಬೇಕಾದರೆ ಫರಂಗಿಪೇಟೆಯಿಂದ ದೂರ ಹೋಗಬೇಕಿಲ್ಲ. ಪಕ್ಕದ ತುಂಬೆಯಲ್ಲಿ ನೇತ್ರಾವತಿಗೆ ಅಡ್ಡಲಾಗಿ ಕಟ್ಟಿದ ಕಿಂಡಿ ಅಣೆಕಟ್ಟು ಮಂಗಳೂರು ನಗರದ ಕುಡಿಯುವ ನೀರಿನ ಮೂಲ. ನೀರು ಬಳಸುವುದು ಮಹಾನಗರ ಪಾಲಿಕೆ. ಕಾಮಗಾರಿ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯದ್ದು. ನೀರು ನಿಲ್ಲುವುದು ಬಂಟ್ವಾಳ ತಾಲೂಕಿನಲ್ಲಿ. ಮುಳುಗಡೆಯಾಗುವ ಜಮೀನಿನ ಅಳತೆ ಮತ್ತು ಪರಿಹಾರ ಕಂದಾಯ ಇಲಾಖೆಯದ್ದು. ಮೇಲ್ಗಡೆ ಶಂಭೂರಿನಲ್ಲಿ ಖಾಸಗಿ ಜಲವಿದ್ಯುತ್ ಯೋಜನೆಯ ಇನ್ನೊಂದು ಅಣೆಕಟ್ಟು. ನೀರಿಗೆ ಕೊಳಚೆ ಸೇರಿದರೆ ದೂರು ಮಾಲಿನ್ಯ ನಿಯಂತ್ರಣ ಮಂಡಳಿಗೆ. ಹೊಳೆಯ ಮರಳು ಗಣಿ ಮತ್ತು ಭೂವಿಜ್ಞಾನ ಇಲಾಖೆಯದ್ದು. ಕರಾವಳಿ ನಿಯಂತ್ರಣ ವಲಯದೊಳಗಾದರೆ ತೀರ್ಮಾನ ಜಿಲ್ಲಾಧಿಕಾರಿ ನೇತೃತ್ವದ ಏಳು ಮಂದಿಯ ಸಮಿತಿಯದ್ದು. ತುಂಬೆಯ ಅಣೆಕಟ್ಟಿನಲ್ಲಿ ನೀರಿನ ಮಟ್ಟ ಏರಿಸುವ ಮಾತು ಬಂದಾಗಲೆಲ್ಲ ಮೇಲ್ಗಡೆಯ ಅಡಿಕೆ, ತೆಂಗಿನ ತೋಟದವರು ತಮ್ಮ ಜಾಗಕ್ಕೆ ಪರಿಹಾರ ಕೊಟ್ಟ ಮೇಲೆ ಏರಿಸಿ ಎಂದರು. 2016 ಮತ್ತು 2019ರ ಬೇಸಿಗೆಯಲ್ಲಿ ಒಳಹರಿವು ಬತ್ತಿ ನಗರಕ್ಕೆ ಪಾಳಿಯಲ್ಲಿ ನೀರು ಬಿಡಬೇಕಾಯಿತು. ಹೊಳೆಬದಿಯ ಪಂಪುಗಳ ಮೇಲೆ ಕಣ್ಣು ಬಿತ್ತು. ನಗರದ ನಳ್ಳಿಗೂ ತೋಟದ ಪಂಪಿಗೂ ಒಂದೇ ಹೊಳೆ. ಆದರೆ ಇಬ್ಬರ ಪ್ರತಿನಿಧಿಗಳೂ ಒಂದೇ ಮೇಜಿನಲ್ಲಿ ಕೂತು ಮತ ಹಾಕಿ ತೀರ್ಮಾನಿಸುವ ಸಂಸ್ಥೆ ಇಲ್ಲ. ಪಾಲಿಕೆಗೆ ನಗರದ ಮತದಾರರು, ಪಂಚಾಯತ್‌ಗೆ ಹಳ್ಳಿಯವರು. ನಡುವೆ ಇರುವುದು ಜಿಲ್ಲಾಧಿಕಾರಿಯ ಸಭೆ.

ಮೂರು ಅಂಗಗಳು ಬೇರೆ ಬೇರೆ ಎನ್ನುವ ಗೆರೆಯೂ ತಾಲೂಕಿನಲ್ಲಿ ಅಷ್ಟು ಸ್ಪಷ್ಟವಾಗಿಲ್ಲ. ತಹಶೀಲ್ದಾರರು, ಸಹಾಯಕ ಆಯುಕ್ತರು, ಜಿಲ್ಲಾಧಿಕಾರಿಗಳು ಆಡಳಿತಗಾರರೂ ಹೌದು, ಕಂದಾಯ ವ್ಯಾಜ್ಯಗಳಿಗೆ ನ್ಯಾಯಾಧೀಶರೂ ಹೌದು. ದೇವರಾಜ ಅರಸು ಸರಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಯಾದ ಮೇಲೆ ಗೇಣಿದಾರರ ಅರ್ಜಿಗಳನ್ನು ತೀರ್ಮಾನಿಸಿದ್ದು ತಾಲೂಕಿನ ಭೂನ್ಯಾಯ ಮಂಡಳಿಗಳು. ಅಧ್ಯಕ್ಷತೆ ಸಹಾಯಕ ಆಯುಕ್ತರದ್ದು. ಮೂಲಗೇಣಿ, ಚಾಲಗೇಣಿಯ ಈ ಜಿಲ್ಲೆಯಲ್ಲಿ ಆ ಮಂಡಳಿಗಳು ಬದಲಿಸಿದಷ್ಟು ಬದುಕನ್ನು ಸಿವಿಲ್ ಕೋರ್ಟುಗಳು ಬದಲಿಸಿರಲಾರವು. ಸರಕಾರಿ ಜಾಗದ ಸಾಗುವಳಿಯನ್ನು ಸಕ್ರಮಗೊಳಿಸುವ ಸಮಿತಿಗೆ ಇಂದು ಶಾಸಕರೇ ಅಧ್ಯಕ್ಷರು. ಕಾನೂನು ಮಾಡುವವರು ಅದನ್ನು ಯಾರಿಗೆ ಅನ್ವಯಿಸಬೇಕೆಂದೂ ಹೇಳುವ ಸ್ಥಾನದಲ್ಲಿ ಕೂತಿದ್ದಾರೆ. ಮನೆಬಾಗಿಲಿಗೆ ಬಂದ ಶಾಸಕರಲ್ಲಿ ಜನ ಕೇಳುವುದು ವಿಧೇಯಕದ ಬಗ್ಗೆ ಅಲ್ಲ, ಸಕ್ರಮಕ್ಕೆ ಕೊಟ್ಟ ಫಾರ್ಮ್ 57ರ ಅರ್ಜಿಯ ಬಗ್ಗೆ. ಖಾದರ್ ಅವರಿಗಿಂತ ಮೊದಲು, 1962ರಿಂದ 68ರವರೆಗೆ ಸ್ಪೀಕರ್ ಆಗಿದ್ದ ಬಿ.ವೈಕುಂಠ ಬಾಳಿಗರು ಬೆಳ್ತಂಗಡಿಯಿಂದ ಗೆದ್ದವರು. ಶಾಸನಸಭೆಯ ಪೀಠಕ್ಕೆ ಎರಡು ಸಲ ಸ್ಪೀಕರರನ್ನು ಕಳಿಸಿದ ಜಿಲ್ಲೆಯಲ್ಲೂ ಶಾಸಕರ ಸಮಯವೆಲ್ಲ ಕಾರ್ಯಾಂಗದ ಕೆಲಸಕ್ಕೇ ಹೋಗುತ್ತಿರುವುದು ಬೇಸರದ ಸಂಗತಿ.

ಕಾವಲು ಸಂಸ್ಥೆಗಳ ಬಗ್ಗೆ ಒಂದು ಮಾತು. ಲೋಕಾಯುಕ್ತ 1984ರ ಕಾಯ್ದೆಯಿಂದ ಹುಟ್ಟಿದ್ದು. 2016ರಲ್ಲಿ ಸರಕಾರ ಬರೀ ಒಂದು ಆದೇಶದಿಂದ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ಸ್ಥಾಪಿಸಿ ಲೋಕಾಯುಕ್ತದ ಪೊಲೀಸ್ ಬಲವನ್ನು ಕುಗ್ಗಿಸಿತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನೇ ರದ್ದುಪಡಿಸಿತು. ಕಾಯ್ದೆಯ ಬೆಂಬಲವಿರುವ ಸಂಸ್ಥೆಗೂ ಆದೇಶದ ಮೇಲೆ ನಿಂತ ಸಂಸ್ಥೆಗೂ ಇರುವ ವ್ಯತ್ಯಾಸ ಅಂದು ಎಲ್ಲರಿಗೂ ಕಂಡಿತು.

ಇಲಾಖೆಗಳನ್ನು ಅಡ್ಡವಾಗಿ ಕೂಡಿಸುವ ಕೆಲಸಕ್ಕೆಂದೇ ಕರ್ನಾಟಕ ಒಮ್ಮೆ ದೊಡ್ಡ ಹೆಜ್ಜೆ ಇಟ್ಟಿತ್ತು. ರಾಮಕೃಷ್ಣ ಹೆಗಡೆ ಸರಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ರೂಪಿಸಿದ 1983ರ ಕಾಯ್ದೆಯಂತೆ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್, ಮಂಡಲ ಪಂಚಾಯತ್ ಚುನಾವಣೆ ನಡೆಯಿತು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಜಿಲ್ಲೆಯ ಬಹುತೇಕ ಅಭಿವೃದ್ಧಿ ಇಲಾಖೆಗಳು ಚುನಾಯಿತರಿಗೆ ಉತ್ತರ ಕೊಡಬೇಕಾಯಿತು. ಆ ಸಭೆಗಳ ಅವಧಿ ಮುಗಿದ ಮೇಲೆ ಮತ್ತೆ ಆಡಳಿತಾಧಿಕಾರಿಗಳ ಕಾಲ. ಸಂವಿಧಾನದ 73ನೇ ತಿದ್ದುಪಡಿ ಬಂದೊಡನೆ, 1993ರ ಮೇ 10ರಂದು, ಕರ್ನಾಟಕದ ಹೊಸ ಪಂಚಾಯತ್ ರಾಜ್ ಕಾಯ್ದೆ ಜಾರಿಗೆ ಬಂತು. ಆಗ ಮುಖ್ಯಮಂತ್ರಿ ಮೂಡುಬಿದಿರೆಯ ಮಾರ್ಪಾಡಿಯ ಎಂ.ವೀರಪ್ಪ ಮೊಯಿಲಿ. ಮೂರು ಹಂತದ ವ್ಯವಸ್ಥೆ, 29 ವಿಷಯಗಳು, ಮಹಿಳೆಯರಿಗೆ ಮತ್ತು ಹಿಂದುಳಿದವರಿಗೆ ಮೀಸಲಾತಿ. ಗ್ರಾಮ ಪಂಚಾಯತ್ ಸದಸ್ಯರಿಗೆ ವಿಧಾನ ಪರಿಷತ್ತಿನ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಲ್ಲಿ ಮತವೂ ಇದೆ. ದಕ್ಷಿಣ ಕನ್ನಡ ಮತ್ತು ಉಡುಪಿ ಸೇರಿ ಇಬ್ಬರನ್ನು ಆರಿಸುತ್ತವೆ.

ಕಾಗದದ ಮೇಲಿನ ಈ ಏಣಿಯ ನಡುವಿನ ಎರಡು ಮೆಟ್ಟಿಲು ಮುರಿದಿವೆ. ಜಿಲ್ಲಾ ಮತ್ತು ತಾಲೂಕು ಪಂಚಾಯತ್‌ಗಳಿಗೆ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಅದೇ ವರ್ಷ ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೊಂದು ಆಯೋಗಕ್ಕೆ ಕೊಡಲಾಯಿತು. ವಿಂಗಡಣೆ, ಮೀಸಲಾತಿ, ಹೈಕೋರ್ಟಿನ ವ್ಯಾಜ್ಯ ಎನ್ನುತ್ತಾ ನಾಲ್ಕು ವರ್ಷ ಕಳೆದರೂ ಚುನಾವಣೆ ಆಗಲಿಲ್ಲ. ಸರಕಾರ ಬದಲಾಯಿತು, ವಿಳಂಬ ಬದಲಾಗಲಿಲ್ಲ. ವಿಧಾನಸಭೆಗೆ ಆರು ತಿಂಗಳು ಚುನಾವಣೆ ತಡವಾದರೆ ದೇಶವೇ ಕೇಳುತ್ತಿತ್ತು. ಜಿಲ್ಲೆಯ ಸಭೆ ವರ್ಷಗಟ್ಟಲೆ ಖಾಲಿ ಇದ್ದರೂ ಯಾರೂ ಬೀದಿಗಿಳಿಯಲಿಲ್ಲ. ಆ ಜಾಗವನ್ನು ಪ್ರಗತಿ ಪರಿಶೀಲನೆಯ ಕೆಡಿಪಿ ಸಭೆಗಳು ತುಂಬಿವೆ: ಜಿಲ್ಲೆಯಲ್ಲಿ ಉಸ್ತುವಾರಿ ಸಚಿವರ ಅಧ್ಯಕ್ಷತೆ, ತಾಲೂಕಿನಲ್ಲಿ ಶಾಸಕರದ್ದು.

ಕೆಳಗಿನ ಮೆಟ್ಟಿಲು ಮಾತ್ರ ಕರಾವಳಿಯಲ್ಲಿ ಗಟ್ಟಿಯಾಗಿದೆ. ಇಲ್ಲಿನ ಗ್ರಾಮಸಭೆ ಸಹಿ ಹಾಕಿ ಚಹಾ ಕುಡಿದು ಹೋಗುವ ಸಭೆಯಲ್ಲ. ಪಿಡಿಒ ವರದಿ ಓದಿದ ಮೇಲೆ ಮೆಸ್ಕಾಂ ಜೆಇ, ಆರೋಗ್ಯ ಸಹಾಯಕಿ, ಅಂಗನವಾಡಿ ಮೇಲ್ವಿಚಾರಕಿ, ಗ್ರಾಮ ಆಡಳಿತ ಅಧಿಕಾರಿ, ಪಶುವೈದ್ಯರು, ಅರಣ್ಯ ಇಲಾಖೆಯವರು ಒಬ್ಬೊಬ್ಬರಾಗಿ ಎದ್ದು ಮಾಹಿತಿ ಕೊಡಬೇಕು. ಗ್ರಾಮಸ್ಥರು ಎದ್ದು ನಿಂತು ಪ್ರಶ್ನೆ ಕೇಳುತ್ತಾರೆ. ಬಾಗಿದ ಕಂಬ ಯಾವಾಗ ಬದಲಿಸುತ್ತೀರಿ, ಹೆದ್ದಾರಿಯ ನೀರು ತೋಟಕ್ಕೆ ನುಗ್ಗುವುದಕ್ಕೆ ಯಾರು ಹೊಣೆ, ಸರಕಾರಿ ಜಾಗದ ಮನೆಯ 94ಸಿ ಹಕ್ಕುಪತ್ರ ಏನಾಯಿತು. ಕೇಂದ್ರದ ಹೆದ್ದಾರಿ ಪ್ರಾಧಿಕಾರದಿಂದ ಹಿಡಿದು ಹಳ್ಳಿಯ ಆಶಾ ಕಾರ್ಯಕರ್ತೆಯವರೆಗೆ ಎಲ್ಲ ಸಾಲುಗಳೂ ಒಂದು ಸಭಾಂಗಣದಲ್ಲಿ ಸೇರಬೇಕಾದ ದಿನ ಅದು. ‘ಅಧಿಕಾರಿಗಳ ಗೈರು, ಗ್ರಾಮಸಭೆ ಮುಂದೂಡಿಕೆ’ ಎಂಬ ಸುದ್ದಿ ಈ ಜಿಲ್ಲೆಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವುದಕ್ಕೆ ಕಾರಣವೂ ಇಲ್ಲೇ ಇದೆ. ಗೈರಾದ ಅಧಿಕಾರಿಯ ವರ್ಗಾವಣೆ, ಬಡ್ತಿ, ರಜೆ ಎಲ್ಲ ಅವರ ಇಲಾಖೆಯ ಕೈಯಲ್ಲಿ; ಗ್ರಾಮಸಭೆಯ ಕೈಯಲ್ಲಿರುವುದು ಖಂಡನಾ ನಿರ್ಣಯ ಮಾತ್ರ. ಆ ನಿರ್ಣಯವನ್ನು ಎತ್ತಿಕೊಂಡು ತಾಲೂಕು ಮಟ್ಟದಲ್ಲಿ ಮೇಲಧಿಕಾರಿಯನ್ನು ಕೇಳಬೇಕಾದ ಚುನಾಯಿತ ಸಭೆಯೇ ಇಲ್ಲವಾದರೆ ನಿರ್ಣಯ ಪುಸ್ತಕದಲ್ಲೇ ಉಳಿಯುತ್ತದೆ.

ಇಲಾಖೆಗಳು ಒಟ್ಟಿಗೆ ಕೆಲಸ ಮಾಡಲಾರವು ಎಂದೇನಲ್ಲ. ಬಂಟ್ವಾಳದಲ್ಲಿ ನೇತ್ರಾವತಿಯ ಅಪಾಯದ ಮಟ್ಟ 8.5 ಮೀಟರ್. ನೀರು ಅತ್ತ ಏರತೊಡಗಿದರೆ ಕಂದಾಯ, ಪೊಲೀಸ್, ಅಗ್ನಿಶಾಮಕ, ಮೆಸ್ಕಾಂ, ಪಂಚಾಯತ್, ಅಣೆಕಟ್ಟಿನ ಗೇಟು ನೋಡುವವರು ಎಲ್ಲರೂ ಒಂದೇ ಗುಂಪಾಗುತ್ತಾರೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಬದಿಯಲ್ಲಿ ಗುಡ್ಡ ಕುಸಿದು ಬೆಳ್ತಂಗಡಿ ತಾಲೂಕಿನ ತೋಟ, ಮನೆಗಳು ಕೊಚ್ಚಿಹೋದಾಗಲೂ ಹಾಗೆಯೇ ಆಯಿತು. 2005ರ ವಿಪತ್ತು ನಿರ್ವಹಣಾ ಕಾಯ್ದೆ ಜಿಲ್ಲಾಧಿಕಾರಿಗೆ ಎಲ್ಲ ಇಲಾಖೆಗಳ ಮೇಲೂ ಅಧಿಕಾರ ಕೊಟ್ಟಿರುವುದರಿಂದ ಅದು ಸಾಧ್ಯ. ನೆರೆಯ ದಿನ ಸಾಧ್ಯವಾದದ್ದು ಉಳಿದ ದಿನಗಳಲ್ಲಿ ಯಾಕೆ ಸಾಧ್ಯವಿಲ್ಲ ಎಂದು ಕೇಳುವುದು ಸಹಜ. ಆದರೆ ನಿತ್ಯದ ಆಡಳಿತಕ್ಕೂ ಅಂಥ ಅಧಿಕಾರವನ್ನು ಒಬ್ಬ ಅಧಿಕಾರಿಗೇ ಕೊಟ್ಟರೆ ಮನ್ರೋ ಕಾಲದ ಮೇಜು ಇನ್ನಷ್ಟು ದೊಡ್ಡದಾಗುತ್ತದೆ, ಅಷ್ಟೆ.

ಬೇರೆ ದಾರಿಯನ್ನು ತೋರಿಸಿದವರೂ ಮೊಯಿಲಿಯವರೇ. ಅವರ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ 2007ರಲ್ಲಿ ಸ್ಥಳೀಯ ಆಡಳಿತದ ಬಗ್ಗೆ ಕೊಟ್ಟ ವರದಿಯಲ್ಲಿ, ಹಳ್ಳಿ ಮತ್ತು ನಗರ ಎರಡನ್ನೂ ಪ್ರತಿನಿಧಿಸುವ ಒಂದೇ ಚುನಾಯಿತ ಜಿಲ್ಲಾ ಸಭೆ ಇರಬೇಕು, ಜಿಲ್ಲಾಧಿಕಾರಿ ಆ ಸಭೆಯ ಮುಖ್ಯ ಅಧಿಕಾರಿಯಾಗಿ ಅದಕ್ಕೆ ಉತ್ತರದಾಯಿಯಾಗಬೇಕು ಎಂದಿತು. ತುಂಬೆಯ ನೀರಿನ ಮಟ್ಟ ಎಷ್ಟಿರಬೇಕು ಎಂಬ ತೀರ್ಮಾನ ಅಂಥ ಸಭೆಯಲ್ಲಾದರೆ ಮಂಗಳೂರಿನ ಕಾರ್ಪೊರೇಟರೂ ಸಜಿಪ, ಪಾಣೆಮಂಗಳೂರಿನ ಕಡೆಯ ಸದಸ್ಯರೂ ಎದುರುಬದುರು ಕೂತು ವಾದಿಸಬಹುದು. ಆ ಮಟ್ಟದ ಬದಲಾವಣೆಗೆ ಹೊಸ ಕಾಯ್ದೆ ಬೇಕು. ಬಂಟ್ವಾಳ ತಾಲೂಕು ಪಂಚಾಯತ್‌ನ ಸಭಾಂಗಣಕ್ಕೆ ಚುನಾಯಿತ ಸದಸ್ಯರು ಮರಳಿ ಬರುವುದಕ್ಕೆ ಹೊಸ ಕಾಯ್ದೆ ಬೇಕಿಲ್ಲ. 1993ರ ಕಾಯ್ದೆಯೇ ಸಾಕು.